ಬ್ಯಾಂಡ್ ಡ್ರಮ್ಮಿನ ಕ್ಯಾರಿಯರ್ ಹಗುರ ಆಗಬೇಕಾದರೆ ಅಲ್ಯೂಮಿನಿಯಮ್ಮೇ ಬೇಕಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದು ಗೇಟು, ಗ್ರಿಲ್ಲು ಮಾಡುವ ಫ್ಯಾಬ್ರಿಕೇಶನ್ ಅಂಗಡಿ. ತಂಗಿ ಓದುವ ಹೈಸ್ಕೂಲಿನ ಪಿ.ಟಿ. ಮಾಸ್ಟರ್ ಬಂದು, ಬ್ಯಾಂಡ್ ಮಕ್ಕಳಿಗೆ ಸೈಡ್ ಡ್ರಮ್ ಹೊರಲು ಎರಡೂ ಭುಜದ ಮೇಲೆ ಕೂರುವ ಕ್ಯಾರಿಯರ್ ಮಾಡಿಕೊಡಿ ಅಂದರು. 25×25 ಎಂ.ಎಸ್. (ಸಾದಾ ಉಕ್ಕಿನ) ಸ್ಕ್ವೇರ್ ಪೈಪ್ (2 ಮಿ.ಮೀ. ದಪ್ಪ), 5 ಮಿ.ಮೀ. ಪ್ಲೇಟು, ಎಂ10 (10 ಮಿ.ಮೀ.) ಬೋಲ್ಟ್ ಹಾಕಿ ಒಂದು ಮಾಡಿದೆ. ಗಟ್ಟಿ ಇದೆ, ಆದರೆ ತೂಕ 3.1 ಕೆಜಿ ಬಂತು. ಡ್ರಮ್ 4.2 ಕೆಜಿ. ಹೊಟ್ಟೆ ಪ್ಲೇಟಿನಿಂದ ಡ್ರಮ್ಮಿನ ನಡುಮಧ್ಯಕ್ಕೆ 28 ಸೆಂ.ಮೀ. ಇದೆ. 8, 9ನೇ ತರಗತಿ ಮಕ್ಕಳು ಹತ್ತು ನಿಮಿಷಕ್ಕೇ ಭುಜ ನೋವು ಅಂತಾರೆ. ಇದನ್ನೇ ಅಲ್ಯೂಮಿನಿಯಂ ಪೈಪಿನಲ್ಲಿ ಮಾಡಿದರೆ ಸಾಕಾ? ಅಲ್ಯೂಮಿನಿಯಂ ವೆಲ್ಡಿಂಗ್ ನಮ್ಮಲ್ಲಿ ಇಲ್ಲ, ಹೊರಗೆ ಕೊಡಬೇಕು.

ಉತ್ತರ: ಪೈಪಿಗೆ ಅಲ್ಯೂಮಿನಿಯಂ ಬೇಡ. ನಿಮ್ಮ ಅಂಗಡಿಯಲ್ಲೇ, ಉಕ್ಕಿನಲ್ಲೇ, ಈಗಿನ ಅರ್ಧ ತೂಕಕ್ಕೆ ಇಳಿಸಬಹುದು. ಅಲ್ಯೂಮಿನಿಯಂ ಬೇಕಾಗುವುದು ಬೇರೆ ಜಾಗದಲ್ಲಿ, ಅದನ್ನು ಆಮೇಲೆ ಹೇಳುತ್ತೇನೆ. ಅಳತೆ, ತೂಕ ಎಲ್ಲ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಎಷ್ಟೋ ಜನ "ಭಾರ ಆಗ್ತಿದೆ, ಏನು ಮಾಡಲಿ" ಅಂತ ಅಷ್ಟೇ ಬರೆಯುತ್ತಾರೆ, ತಕ್ಕಡಿಗೆ ಇಟ್ಟು ನೋಡಿರುವುದೇ ಇಲ್ಲ.

ಮೊದಲು ಈ ಲೆಕ್ಕ ನೋಡಿ. 25×25×2 ಎಂ.ಎಸ್. ಪೈಪ್ ಮೀಟರಿಗೆ ಸುಮಾರು 1.44 ಕೆಜಿ. ನಿಮ್ಮ ಡ್ರಮ್ಮನ್ನು ಕ್ಯಾರಿಯರಿನಿಂದ ಮುಂದಕ್ಕೆ ಚಾಚಿದ ಎರಡು ಪೈಪಿನ ತೋಳು ಹಿಡಿದಿವೆ ಅಂದುಕೊಳ್ಳೋಣ. ಹುಡುಗ ಎಡವಿದ, ಡ್ರಮ್ಮಿನ ಮೇಲೆ ಇನ್ನೊಬ್ಬ ಕೈ ಊರಿದ, ಅಂಥದ್ದಕ್ಕೆಲ್ಲ ಸೇರಿಸಿ ಡ್ರಮ್ಮಿನ ಮೂರು ಪಟ್ಟು ಭಾರ ಬಿತ್ತು ಅಂತ ಇಟ್ಟುಕೊಳ್ಳಿ. ಆಗಲೂ ನಿಮ್ಮ ಪೈಪಿನ ಬುಡದಲ್ಲಿ ಬರುವ ಒತ್ತಡ 13 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ) ಆಸುಪಾಸು. ಸಾಮಾನ್ಯ ಎಂ.ಎಸ್. ಬಾಗಲು ಶುರುವಾಗುವುದು 250ರ ಹತ್ತಿರ. ಅಂದರೆ ನೀವು ಹಾಕಿದ ಲೋಹದ ಬಹುಪಾಲು ಸುಮ್ನೆ ಸವಾರಿ ಮಾಡುತ್ತಿದೆ. ಗೇಟಿನ ಕೈ ಡ್ರಮ್ಮಿಗೆ ಬಂದರೆ ಹೀಗೇ ಆಗುವುದು, ಇದರಲ್ಲಿ ನಿಮ್ಮದೇನೂ ವಿಶೇಷ ತಪ್ಪಿಲ್ಲ. ಗೇಟಿಗೆ ಭಾರ ಇದ್ದರೆ ಗಿರಾಕಿಗೆ ಖುಷಿ.

ಈಗ ಫರ್ನಿಚರ್ ಪೈಪ್ ತಗೊಳ್ಳಿ. ಕುರ್ಚಿ, ಮಕ್ಕಳ ಡೆಸ್ಕಿಗೆ ಹಾಕುವ 16 ಮಿ.ಮೀ. ದುಂಡು ಪೈಪ್, 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪ. ಇದು ಮೀಟರಿಗೆ 440 ಗ್ರಾಂ. ಅದೇ ಮೂರು ಪಟ್ಟು ಭಾರಕ್ಕೆ ಬುಡದಲ್ಲಿ 90 ಮೆಗಾಪಾಸ್ಕಲ್, ಅಂದರೆ ಮಿತಿಯ ಅರ್ಧಕ್ಕಿಂತ ಕಡಿಮೆ. ಬರೀ ಡ್ರಮ್ಮಿನ ಭಾರಕ್ಕೆ ತುದಿ ಬಾಗುವುದು ಅರ್ಧ ಮಿಲಿಮೀಟರ್. ಅದು ಕಣ್ಣಿಗೂ ಕಾಣಲ್ಲ, ಬಾರಿಸುವವನಿಗೂ ಗೊತ್ತಾಗಲ್ಲ.

ಇನ್ನು ನೀವು ಕೇಳಿದ್ದು. ಅದೇ 25×25×2 ಅಳತೆಯನ್ನೇ ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೆ ಮೀಟರಿಗೆ 500 ಗ್ರಾಂ. ನೋಡಿದಿರಾ? ತೆಳು ಉಕ್ಕಿನ ಪೈಪೇ ಅದಕ್ಕಿಂತ ಹಗುರ. ಜೊತೆಗೆ ನೀವೇ ವೆಲ್ಡ್ ಮಾಡಬಹುದು, ದುಡ್ಡು ಕಡಿಮೆ, ಮುರಿದರೆ ರಿಪೇರಿಯೂ ನಿಮ್ಮಲ್ಲೇ.

ಅಲ್ಯೂಮಿನಿಯಂ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ "ಹಗುರ ಅಂದ್ರೆ ಅಲ್ಯೂಮಿನಿಯಂ" ಅನ್ನುವುದು ಎಲ್ಲರ ತಲೆಯಲ್ಲೂ ಕೂತಿದೆ. ಉಕ್ಕಿನ ಸಾಂದ್ರತೆ 7.85, ಅಲ್ಯೂಮಿನಿಯಮ್ಮಿನದು 2.7. ತೂಕ ಮೂರನೇ ಒಂದು ಭಾಗ, ನಿಜ. ಆದರೆ ಅದರ ಬಿಗಿತವೂ ಹೆಚ್ಚುಕಮ್ಮಿ ಮೂರನೇ ಒಂದೇ. ಅದೇ ಅಳತೆಯಲ್ಲಿ ಮಾಡಿದರೆ ಮೂರು ಪಟ್ಟು ಬಾಗುತ್ತದೆ. ಅಲ್ಯೂಮಿನಿಯಮ್ಮಿನ ಲಾಭ ಬರಬೇಕಾದರೆ ಪೈಪನ್ನು ದೊಡ್ಡ ವ್ಯಾಸಕ್ಕೆ ಒಯ್ಯಬೇಕು, ಯಾಕೆಂದರೆ ತೆಳು ಪೈಪಿನಲ್ಲಿ ವ್ಯಾಸ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು ಏರುತ್ತದೆ, ತೂಕ ಎರಡೇ ಪಟ್ಟು. ಸೈಕಲ್ ಫ್ರೇಮುಗಳು ಅಲ್ಯೂಮಿನಿಯಂ ಆದ ಮೇಲೆ ಅಷ್ಟು ದಪ್ಪ ಕಾಣುವುದು ಇದಕ್ಕೇ. ನಿಮ್ಮ ಕೆಲಸಕ್ಕೆ ಅಷ್ಟು ಬಿಗಿತವೇ ಬೇಕಿಲ್ಲ.

ವೆಲ್ಡಿಂಗ್ ಇನ್ನೊಂದು ತೊಂದರೆ. 6061-ಟಿ6 ಅನ್ನುವ ಒಳ್ಳೆ ಅಲ್ಯೂಮಿನಿಯಂ ತಂದು ಟಿಗ್‌ನಲ್ಲಿ ಬೆಸೆದರೂ, ಬೆಸುಗೆಯ ಅಕ್ಕಪಕ್ಕ ಕಾದ ಜಾಗದಲ್ಲಿ ಅದರ ಶಕ್ತಿ ಅರ್ಧದಷ್ಟು ಹೋಗುತ್ತದೆ. ಕಾಯಿಸಿ ಹದ ಮಾಡಿದ ಲೋಹ ಅದು, ಮತ್ತೆ ಕಾದರೆ ಹದ ಕೆಡುತ್ತದೆ. ಆ ಜಾಗವೇ ಸಾಮಾನ್ಯವಾಗಿ ಅತಿ ಹೆಚ್ಚು ಭಾರ ಹೊರುವ ಜಾಗ ಕೂಡ. ಕಿಟಕಿಯವರ ಹತ್ತಿರ ಸಿಗುವ ಸ್ಲೈಡಿಂಗ್ ಸೆಕ್ಷನ್ ಹಾಕೋಣ ಅಂತಲೂ ಯೋಚನೆ ಬರಬಹುದು. ಅದು 6063, ಇನ್ನೂ ಮೆತ್ತಗೆ. ತೋಳಿಗೆ ಬೇಡ.

ತೆಳು ಪೈಪಿಗೆ ಕಡ್ಡಿ ವೆಲ್ಡಿಂಗ್ ಹಾಕಿದರೆ ತೂತು ಬೀಳುತ್ತದೆ. ಮಿಗ್ (ತಂತಿ ತಾನೇ ಬರುವ ವೆಲ್ಡಿಂಗ್) ಇದ್ದರೆ ಮಿಗ್, ಇಲ್ಲದಿದ್ದರೆ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ. ಹಳೇ ಸೈಕಲ್ ಫ್ರೇಮುಗಳೆಲ್ಲ ಹಿತ್ತಾಳೆ ಬೆಸುಗೆಯಲ್ಲೇ ಎಷ್ಟು ವರ್ಷ ಓಡಿದವು. ತೋಳಿನ ಬುಡಕ್ಕೆ ಸಣ್ಣ ತ್ರಿಕೋನದ ಗಸೆಟ್ (ಮೂಲೆಗೆ ಆಸರೆಯ ತುಂಡು) ಹಾಕಿ, 2 ಮಿ.ಮೀ. ಶೀಟಿನದು ಸಾಕು. ಪೈಪ್ ಮುರಿಯುವುದು ನಡುವೆ ಅಲ್ಲ, ಬೆಸುಗೆಯ ಅಂಚಿನಲ್ಲಿ.

ಇನ್ನು ಪ್ಲೇಟು. ಹೊಟ್ಟೆ ಪ್ಲೇಟಿನ ಮಾತು ಆಮೇಲೆ, ಉಳಿದವಕ್ಕೆ ಅಲ್ಯೂಮಿನಿಯಂ ಹಾಕಿ. ನಿಮ್ಮ 5 ಮಿ.ಮೀ. ಎಂ.ಎಸ್. ಪ್ಲೇಟು 150×100 ಅಳತೆಯದು ಇದ್ದರೆ ಒಂದೊಂದೂ ಹತ್ತಿರ ಹತ್ತಿರ 590 ಗ್ರಾಂ. ಎರಡು ಹಾಕಿದರೆ ಕೆಜಿ ಮೇಲಾಯಿತು, ನಿಮ್ಮ 3.1ರಲ್ಲಿ ಮೂರನೇ ಒಂದು ಪಾಲು. ಅದೇ ಅಳತೆ 3 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ 120 ಗ್ರಾಂ. ಇದನ್ನು ವೆಲ್ಡ್ ಮಾಡಬೇಕಿಲ್ಲ, ಬೋಲ್ಟಿನಲ್ಲೋ ರಿವೆಟ್ಟಿನಲ್ಲೋ ಕೂರಿಸಬಹುದು, ಹಾಗಾಗಿ ಹದ ಕೆಡುವ ಪ್ರಶ್ನೆ ಇಲ್ಲ. ಭುಜದ ಮೇಲೆ ಬಾಗಿ ಹೋಗುವ ಪಟ್ಟಿಗೂ ಅಲ್ಯೂಮಿನಿಯಮ್ಮೇ ಸರಿ, 30×4 ಪಟ್ಟಿ. ಕೇಳುವಾಗ 5052 ಅಂತ ಕೇಳಿ, ಅದು ಬಾಗುತ್ತದೆ. 6061-ಟಿ6 ಪಟ್ಟಿಯನ್ನು ಚಿಕ್ಕ ತಿರುವಿಗೆ ಬಗ್ಗಿಸಿದರೆ ಹೊರಮೈ ಬಿರಿಯುತ್ತದೆ.

ಬೋಲ್ಟು. ಎಂ10 ಬೋಲ್ಟ್ ನಟ್ ಸೇರಿ ಸುಮಾರು 50 ಗ್ರಾಂ, ಎಂಟು ಹಾಕಿದರೆ 400. ಎಂ6 ಬೋಲ್ಟ್ ನಟ್ಟಿನ ಜೊತೆ 14 ಗ್ರಾಂ ಮುಟ್ಟಬಹುದು ಅಷ್ಟೆ. 8.8 ಗ್ರೇಡಿನ ಒಂದೇ ಒಂದು ಎಂ6 ಬೋಲ್ಟು ಒಂದು ಟನ್ನಿಗಿಂತ ಜಾಸ್ತಿ ಎಳೆತ ತಡೆಯುತ್ತದೆ. 4 ಕೆಜಿ ಡ್ರಮ್ಮಿಗೆ ಎಂ10 ಯಾಕೆ? ಆದರೆ ನಟ್ಟು ಮಾತ್ರ ನೈಲಾನ್ ಇರುವ ಲಾಕ್ ನಟ್ಟೇ ಹಾಕಿ. ಡ್ರಮ್ ಬಡಿತಕ್ಕೆ ಸಾದಾ ನಟ್ಟು ಒಂದೇ ಪರೇಡಿನಲ್ಲಿ ಸಡಿಲವಾಗುತ್ತದೆ. ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಪ್ಲೇಟಿಗೆ ನೇರ ತಾಗದ ಹಾಗೆ ನೈಲಾನ್ ವಾಷರ್ ಇಡಿ. ಬೆವರು ಉಪ್ಪುನೀರು, ಎರಡು ಬೇರೆ ಲೋಹದ ನಡುವೆ ಅದು ಸೇರಿದರೆ ಅಲ್ಯೂಮಿನಿಯಂ ಬೂದಿಯಾಗಿ ಉದುರುತ್ತದೆ.

ಕೆಲವರು ಹಗುರ ಮಾಡೋಕೆ ಅಂತ ಪೈಪಿನ ತುಂಬ ತೂತು ಹೊಡೆಯುತ್ತಾರೆ. ನೋಡಲು ರೇಸ್ ಗಾಡಿ ಭಾಗದ ಹಾಗೆ ಇರುತ್ತದೆ, ಸರಿ. ಆದರೆ 2 ಮಿ.ಮೀ. ಉಕ್ಕಿನಲ್ಲಿ 12 ಮಿ.ಮೀ. ತೂತು ಒಂದಕ್ಕೆ ಹೋಗುವ ತೂಕ 1.8 ಗ್ರಾಂ. ಇಪ್ಪತ್ತು ತೂತು ಹೊಡೆದರೆ 36 ಗ್ರಾಂ. ಒಂದು ಎಂ10 ಬೋಲ್ಟು ಬಿಚ್ಚಿ ಎಂ6 ಹಾಕಿದರೆ ಅಷ್ಟು ಬಂತಲ್ಲ! ಮೇಲಾಗಿ ಪ್ರತಿ ತೂತೂ ಬಿರುಕು ಹುಟ್ಟುವ ಜಾಗ.

ಇಲ್ಲಿಯವರೆಗೆ ಹೇಳಿದ್ದು ಲೋಹದ ತೂಕ. ಮಕ್ಕಳಿಗೆ ನೋವು ಬರುತ್ತಿರುವುದಕ್ಕೆ ಅದೊಂದೇ ಕಾರಣ ಅಲ್ಲ, ಮತ್ತು ನನ್ನನ್ನು ಕೇಳಿದರೆ ಅದು ದೊಡ್ಡ ಕಾರಣವೂ ಅಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 28 ಸೆಂ.ಮೀ.

ನಿಮ್ಮದು 14 ಇಂಚಿನ ಡ್ರಮ್ಮು ಅಂದುಕೊಂಡರೆ ಅದರ ಅರ್ಧ ಸುಮಾರು 18 ಸೆಂ.ಮೀ. ಹಾಗಾದರೆ ಹೊಟ್ಟೆ ಪ್ಲೇಟಿಗೂ ಡ್ರಮ್ಮಿಗೂ ನಡುವೆ ನೀವು 10 ಸೆಂ.ಮೀ. ಜಾಗ ಬಿಟ್ಟಿದ್ದೀರಿ. ಡ್ರಮ್ಮಿನ ಭಾರ ಹುಡುಗನನ್ನು ಕೆಳಕ್ಕೆ ಒತ್ತುವುದಲ್ಲದೆ ಮುಂದಕ್ಕೂ ಬಗ್ಗಿಸುತ್ತದೆ. ಅದರ ಲೆಕ್ಕ ಸುಲಭ: 4.2 ಕೆಜಿ ಗುಣಿಸು 28, ಹತ್ತಿರ ಹತ್ತಿರ 118. ಡ್ರಮ್ಮನ್ನು 5 ಸೆಂ.ಮೀ. ಒಳಗೆ ತಂದರೆ 4.2 ಗುಣಿಸು 23, ಸುಮಾರು 97. ಮುಂದಕ್ಕೆ ಬಗ್ಗಿಸುವ ಲೆಕ್ಕದಲ್ಲಿ ಇದು ಡ್ರಮ್ಮಿನಿಂದಲೇ ಮುಕ್ಕಾಲು ಕೆಜಿ ತೆಗೆದ ಹಾಗೆ. ಖರ್ಚೇನು? ಪೈಪ್ 5 ಸೆಂ.ಮೀ. ಕಡಿಮೆ ಕತ್ತರಿಸುವುದು. ಭುಜದ ಮೇಲಿನ ಒಟ್ಟು ಕೆಜಿ ಅಷ್ಟೇ ಇರುತ್ತದೆ ಅನ್ನಿ, ಆದರೆ ಬೆನ್ನು ಹಿಂದಕ್ಕೆ ಸೆಟೆದುಕೊಂಡು ನಿಲ್ಲಬೇಕಾದ ಕಷ್ಟ ಕಡಿಮೆಯಾಗುತ್ತದೆ. ಹತ್ತು ನಿಮಿಷಕ್ಕೆ ನೋಯುವುದು ಆ ಸೆಟೆತದಿಂದ.

ನಮ್ಮ ಕಡೆ ಡೊಳ್ಳಿನವರನ್ನು ನೋಡಿ. ಅಷ್ಟು ದೊಡ್ಡ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಅವರ ಹತ್ತಿರ ಯಾವ ಕ್ಯಾರಿಯರ್ರೂ ಇಲ್ಲ, ಡೊಳ್ಳು ಮೈಗೆ ಅಂಟಿದ ಹಾಗೆ ಬಿಗಿದಿರುತ್ತದೆ ಅಷ್ಟೆ. ಅದು ಮುಂದೆ ಜೋತಾಡಿದರೆ ಕುಣಿಯೋದು ಹಾಗಿರಲಿ, ನಿಲ್ಲೋದೇ ಕಷ್ಟ.

ಎರಡನೆಯದು ಹೊಟ್ಟೆ ಪ್ಲೇಟಿನ ಉದ್ದ. ಮುಂದಕ್ಕೆ ಬಗ್ಗಿಸುವ ಆ ಶಕ್ತಿಯನ್ನು ತಡೆಯುವುದು ಈ ಪ್ಲೇಟು. ಭುಜದಿಂದ ಪ್ಲೇಟಿನ ಕೆಳತುದಿಗೆ 30 ಸೆಂ.ಮೀ. ಇದ್ದರೆ ಹೊಟ್ಟೆಗೆ ಒತ್ತುವ ಭಾರ 118 ಭಾಗಿಸು 30, ಅಂದರೆ ಸುಮಾರು 4 ಕೆಜಿ. ಡ್ರಮ್ಮನ್ನು ಒಳಗೆ ತಂದು, ಪ್ಲೇಟನ್ನು 40 ಸೆಂ.ಮೀ.ವರೆಗೆ ಕೆಳಗೆ, ಸೊಂಟದ ಎಲುಬಿನ ಹತ್ತಿರ ಇಳಿಸಿದರೆ 97 ಭಾಗಿಸು 40, ಎರಡೂವರೆ ಕೆಜಿಯೂ ಇಲ್ಲ. ತೂಕ ಉಳಿಸೋಕೆ ಅಂತ ಪ್ಲೇಟನ್ನು ಗಿಡ್ಡ ಮಾಡುವವರು ಇದ್ದಾರೆ, ಅದು ತಿರುಗುಮುರುಗು ಕೆಲಸ. ಪ್ಲೇಟು ಉದ್ದ ಮಾಡಿ, ಆದರೆ ಲೋಹದ್ದು ಬೇಡ, 3 ಮಿ.ಮೀ. ಪ್ಲಾಸ್ಟಿಕ್ ಶೀಟ್ ಹಾಕಿ ಒಳಗಡೆ ಫೋಮ್ ಅಂಟಿಸಿ. 150 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಇನ್ನೊಂದು ಹೆಜ್ಜೆ ಹೋಗಿ ಸೊಂಟಕ್ಕೆ ಅಗಲವಾದ ಬೆಲ್ಟ್ ಕೊಟ್ಟರೆ ಭುಜದ ಭಾರದಲ್ಲಿ ಒಂದಿಷ್ಟು ಸೊಂಟಕ್ಕೆ ಇಳಿಯುತ್ತದೆ. ಬೆಟ್ಟ ಹತ್ತುವವರ ಬ್ಯಾಗಿನಲ್ಲಿ ಇರುತ್ತಲ್ಲ, ಅಂಥದ್ದು.

ಎಲ್ಲ ಸೇರಿಸಿ ನಾನು ಹಾಕಿದ ಲೆಕ್ಕ ಹೀಗಿದೆ. ಪೈಪ್ 1.2 ಮೀಟರ್ ಹಿಡಿದರೆ 530 ಗ್ರಾಂ, ಎರಡು ಪ್ಲೇಟು 240, ಭುಜದ ಪಟ್ಟಿ 320, ಬೋಲ್ಟು 110, ಹೊಟ್ಟೆ ಪ್ಲೇಟು 150, ಫೋಮು ಬೆಲ್ಟು 150. ಒಂದೂವರೆ ಕೆಜಿ. ಡ್ರಮ್ ಸೇರಿ 7.3 ಇದ್ದದ್ದು 5.7ಕ್ಕೆ ಬರುತ್ತದೆ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲೆ ಬ್ಯಾಗಿಗೆ ಮಿತಿ ಹಾಕಿತ್ತು, ನೆನಪಿದೆಯಾ? 6ರಿಂದ 8ನೇ ತರಗತಿಗೆ 3ರಿಂದ 4 ಕೆಜಿ, 9-10ಕ್ಕೆ 4ರಿಂದ 5. ಡ್ರಮ್ ಬ್ಯಾಗಲ್ಲ, ದಿನಾ ಹೊರುವುದೂ ಇಲ್ಲ. ಆದರೂ 8ನೇ ತರಗತಿಯ ಸಣ್ಣ ಮೈಯ ಹುಡುಗನಿಗೆ 5.7 ಇನ್ನೂ ಜಾಸ್ತಿಯೇ. ಸೈಡ್ ಡ್ರಮ್ಮನ್ನು 9-10ನೇಯವರಿಗೆ ಕೊಡಿ ಅಂತ ಪಿ.ಟಿ. ಮಾಸ್ಟರಿಗೆ ಹೇಳಿ, ಹೇಳುವ ಹಕ್ಕು ನಿಮಗಿದೆ.

ಡ್ರಮ್ಮನ್ನು ಹಿಡಿಯುವ ಕೊಂಡಿ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಬಾರಿಸುವವರ ಜಗಳ ಅಲ್ಲೇ ಶುರುವಾಗುವುದು. ಡ್ರಮ್ಮಿನ ಚಿಪ್ಪಿಗೆ ತೂತು ಹೊಡೆಯಬೇಡಿ. ಮೇಲಿನ ಬಳೆಗೆ ಕ್ಲಾಂಪ್ ಹಾಕಿ ನೇತು ಹಾಕಲೂ ಬೇಡಿ, ಬಳೆ ಒಂದು ಕಡೆ ಎಳೆದು ಚರ್ಮದ ಬಿಗಿ ಕೆಡುತ್ತದೆ, ಮಾಸ್ಟರ್ ಕೀಲಿ ತಿರುಗಿಸಿ ಸಾಕಾಗುತ್ತಾರೆ. 8 ಮಿ.ಮೀ. ಸರಳನ್ನು ಕೊಕ್ಕೆ ಹಾಗೆ ಬಗ್ಗಿಸಿ, ಬಿಗಿ ಮಾಡುವ ರಾಡುಗಳು ಚಿಪ್ಪಿಗೆ ಸೇರುವ ಲಗ್ ಕೆಳಗೆ ಎರಡು ಕಡೆ ಕೂರಿಸಿ. ಎರಡೂ ಕೊಕ್ಕೆ ಆದಷ್ಟು ದೂರದೂರ ಇರಲಿ. ಕೆಳಗೊಂದು ಕಡೆ ಡ್ರಮ್ ಒರಗಲು ಆಸರೆ ಕೊಡಿ. ಕೊಕ್ಕೆ ಮೇಲೆ ಸೈಕಲ್ ಟ್ಯೂಬಿನ ತುಂಡು ಏರಿಸಿ. ಲೋಹಕ್ಕೆ ಲೋಹ ತಾಗಿದರೆ ಗಿಲಗಿಲ ಸದ್ದು ಬರುತ್ತದೆ, ತಳದ ಚರ್ಮಕ್ಕೆ ತಾಗಿ ಝಲ್ಲೆನ್ನುವ ಸ್ನೇರ್ ತಂತಿ ಇರುವ ಡ್ರಮ್ಮಿನಲ್ಲಿ ಅದು ಅಸಹ್ಯ. ಎತ್ತರ ಹೊಂದಿಸಲು ನಡುವಿನ ಪೈಪಿನಲ್ಲಿ 25 ಮಿ.ಮೀ. ಅಂತರಕ್ಕೆ ನಾಲ್ಕೈದು ತೂತು ಇರಲಿ, ಇದೊಂದು ಕಡೆ ಮಾತ್ರ ತೂತಿಗೆ ನನ್ನ ಒಪ್ಪಿಗೆ. ಮೊಣಕಾಲು ಎತ್ತಿ ನಡೆಯುವಾಗ ತೊಡೆ ಡ್ರಮ್ಮಿನ ತಳಕ್ಕೆ ತಾಗಬಾರದು. ಡ್ರಮ್ಮನ್ನು ಒಳಗೆ ತಂದ ಮೇಲೆ ಇದನ್ನು ಹುಡುಗನನ್ನೇ ನಿಲ್ಲಿಸಿ, ನಡೆಸಿ ನೋಡಬೇಕು, ಕಾಗದದ ಮೇಲೆ ಗೊತ್ತಾಗಲ್ಲ.

ಯೂಟ್ಯೂಬಿನಲ್ಲಿ ಅಮೆರಿಕದ ಮಾರ್ಚಿಂಗ್ ಬ್ಯಾಂಡುಗಳಾದ ಡ್ರಮ್ ಕೋರ್‌ಗಳ ವಿಡಿಯೋ ನೋಡಿ ಅದೇ ಥರ ಮಾಡಲು ಹೋಗಬೇಡಿ. ಅವರ ಸ್ನೇರ್ ಡ್ರಮ್ಮು 14×12 ಇಂಚು, ಮೇಲೆ ಚರ್ಮದ ಬದಲು ಕೆವ್ಲಾರ್ ಥರದ ನೂಲಿನ ಹೆಡ್ಡು, ಅದನ್ನು ವಿಪರೀತ ಬಿಗಿಯುತ್ತಾರೆ. ಆ ಎಳೆತ ತಡೆಯಲು ಡ್ರಮ್ಮೂ ಭಾರ, ಅದನ್ನು ಹೊರಲು ಕ್ಯಾರಿಯರ್ರೂ ಗಟ್ಟಿ. ಹೊರುವವರೂ ಕಾಲೇಜು ವಯಸ್ಸಿನವರು. ನಮ್ಮ ಶಾಲೆಗಳಿಗೆ ಬರುವ ಮೀರತ್ ಕಡೆಯ ಸೈಡ್ ಡ್ರಮ್ಮಿಗೆ ಅಷ್ಟು ಬೇಕಿಲ್ಲ. ಕಾರ್ಬನ್ ಫೈಬರ್ ಕೇಳಬೇಡಿ, ಹಗುರ ನಿಜ, ಬೋಲ್ಟ್ ತೂತಿನ ಹತ್ತಿರ ಜಜ್ಜಿದರೆ ಇಲ್ಲಿ ರಿಪೇರಿ ಮಾಡುವವರಿಲ್ಲ. ತ್ರೀಡಿ ಪ್ರಿಂಟ್ ಕೊಂಡಿ ಮಾದರಿ ನೋಡಲು ಚೆನ್ನ. ಆದರೆ ಅದಕ್ಕೆ ಸಾಮಾನ್ಯವಾಗಿ ಹಾಕುವ ಪ್ಲಾಸ್ಟಿಕ್ ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವ್ಯಾನಿನೊಳಗೆ ಬಿಟ್ಟು ನೋಡಿ, ಸೊಟ್ಟ ಆಗಿರುತ್ತದೆ.

ಇದೆಲ್ಲ ಬೇಡ, ಕ್ಯಾರಿಯರ್ರೇ ಬೇಡ ಅನ್ನುವ ದಾರಿಯೂ ಇದೆ. ಆಗಸ್ಟ್ 15, ಜನವರಿ 26, ರಾಜ್ಯೋತ್ಸವ, ಇಷ್ಟಕ್ಕೇ ಬ್ಯಾಂಡ್ ಇದ್ದರೆ, ಒಂದು ಭುಜದ ಪಟ್ಟಿಯ ಬದಲು ಎರಡೂ ಭುಜಕ್ಕೆ ಬರುವ, ಸೊಂಟದಲ್ಲಿ ಬಿಗಿಯುವ ಪಟ್ಟಿ ಹೊಲಿಸಿ. ಕಾರ್ ಸೀಟ್ ಬೆಲ್ಟಿನ ಪಟ್ಟಿ ಒಳ್ಳೆಯದು, ಎಳೆದರೆ ಹಿಗ್ಗಲ್ಲ. ಮಂಚದ ನವಾರು ಬೇಡ, ಬೆವರಿಗೆ ಸಡಿಲವಾಗುತ್ತದೆ. ಬ್ಯಾಗ್, ಟಾರ್ಪಾಲ್ ಹೊಲಿಯುವವರ ಹತ್ತಿರ ಕೊಟ್ಟರೆ ಆಗುತ್ತದೆ, ಜೋಡಿಸುವ ಕಡೆ ಚೌಕ ಹೊಲಿದು ಒಳಗೆ ಅಡ್ಡಡ್ಡ ಹೊಲಿಗೆ ಹಾಕಲು ಹೇಳಿ. ಡ್ರಮ್ ಸ್ವಲ್ಪ ಕುಣಿಯುತ್ತದೆ, ಕಾಲಿಗೊಂದು ಪಟ್ಟಿ ಕಟ್ಟಿದರೆ ತಡೆಯಬಹುದು. ನಿಮ್ಮ ಅಂಗಡಿಗೆ ಇದರಿಂದ ಲಾಭ ಇಲ್ಲ, ಗೊತ್ತು.

ಬಾಸ್ ಡ್ರಮ್ಮಿಗೂ ಮಾಡಿಕೊಡಿ ಅಂತ ಮಾಸ್ಟರ್ ಮುಂದೆ ಕೇಳಿಯೇ ಕೇಳುತ್ತಾರೆ. ಅಲ್ಲಿ ಎರಡೇ ವಿಷಯ. ಕೊಕ್ಕೆ ಡ್ರಮ್ಮಿನ ನಡುವಿಗಿಂತ ಮೇಲಿರಲಿ, ಕೆಳಗಿದ್ದರೆ ಮುಂದಕ್ಕೆ ಮಗುಚುತ್ತದೆ. ಎರಡೂ ಕಡೆಯಿಂದ ಹೊಡೆಯುವುದರಿಂದ ಅಡ್ಡಕ್ಕೆ ಅಲುಗದ ಹಾಗೆ ತೋಳುಗಳು ಅಗಲವಾಗಿರಲಿ.

ಮಾಡಿದ ಮೇಲೆ ಪರೀಕ್ಷೆ ಮಾಡದೆ ಮಕ್ಕಳ ಮೈಗೆ ಹಾಕಬೇಡಿ. ಕ್ಯಾರಿಯರನ್ನು ಕಂಬಕ್ಕೆ ಬಿಗಿದು, ಡ್ರಮ್ ಕೂರುವ ಜಾಗದಲ್ಲಿ 13 ಕೆಜಿ ಮರಳಿನ ಚೀಲ ತೂಗುಹಾಕಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಚೀಲ ತೆಗೆದ ಮೇಲೆ ತುದಿ ಮೊದಲಿದ್ದ ಗುರುತಿಗೇ ವಾಪಸ್ ಬಂದರೆ ಸರಿ. ಆದರೆ ಇದು ನಿಂತ ಭಾರದ ಪರೀಕ್ಷೆ ಮಾತ್ರ. ಕ್ವಿಕ್ ಮಾರ್ಚ್ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಗಂಟೆಗೆ 7,200 ಸಲ ತೋಳು ಕುಲುಕುತ್ತದೆ. ನೂರು ಗಂಟೆ ಅಭ್ಯಾಸ ಆದರೆ ಏಳು ಲಕ್ಷ ದಾಟಿತು. ಉಕ್ಕಿನಲ್ಲಿ ಒತ್ತಡ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಎಷ್ಟು ಲಕ್ಷ ಕುಲುಕಿದರೂ ದಣಿಯುವುದಿಲ್ಲ, ಅಲ್ಯೂಮಿನಿಯಮ್ಮಿಗೆ ಅಂಥ ಮಟ್ಟವೇ ಇಲ್ಲ, ನಿಧಾನಕ್ಕೆ ದಣಿಯುತ್ತಲೇ ಇರುತ್ತದೆ. ತೋಳಿಗೆ ಉಕ್ಕೇ ಇರಲಿ ಅಂದದ್ದಕ್ಕೆ ಇದೂ ಒಂದು ಕಾರಣ. ಪೈಪಿಗೆ ಕಪ್ಪು ಬಣ್ಣ ಬಳಿಯಬೇಡಿ, ಬೆಸುಗೆಯ ಸುತ್ತ ಬಿಳಿ ಪೇಂಟ್ ಹಾಕಿ, ಬಿರುಕು ಬಿಟ್ಟರೆ ತುಕ್ಕಿನ ಗೆರೆ ಎದ್ದು ಕಾಣುತ್ತದೆ. ತಿಂಗಳಿಗೊಮ್ಮೆ ಬೆಸುಗೆಗಳನ್ನೂ ಅಲ್ಯೂಮಿನಿಯಂ ಪಟ್ಟಿಯ ಬಾಗಿದ ಜಾಗವನ್ನೂ ನೋಡಲು ಮಾಸ್ಟರಿಗೆ ತೋರಿಸಿಕೊಡಿ. ಗೆರೆ ಕಂಡ ಕ್ಯಾರಿಯರ್ ಅವತ್ತೇ ನಿಮ್ಮ ಅಂಗಡಿಗೆ ಬರಲಿ.